ತಿನ್ನುವ ಹಕ್ಕಿಯ ಪರವಾಗಿ

ಒಂದೇ ಮರದಲ್ಲಿ ಎರಡು ಹಕ್ಕಿ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಮುಂಡಕೋಪನಿಷತ್ತಿನ ಈ ಚಿತ್ರ ಋಗ್ವೇದದಲ್ಲೇ ಇದೆ. ನಮ್ಮ ಶಿರಸಿ ಸೀಮೆಯ ಸೋಂದೆಯಲ್ಲಿ ಅದ್ವೈತದ ಸ್ವರ್ಣವಲ್ಲಿ ಮಠವೂ ಉಂಟು, ದ್ವೈತದ ಸೋದೆ ವಾದಿರಾಜ ಮಠವೂ ಉಂಟು. ಎರಡು ಹಕ್ಕಿಯೂ ಕಡೆಗೆ ಒಂದೇ ಎಂದು ಒಬ್ಬರು, ಎಂದೆಂದಿಗೂ ಎರಡೇ ಎಂದು ಇನ್ನೊಬ್ಬರು. ತಿನ್ನುವ ಹಕ್ಕಿ ಕರ್ಮಫಲಕ್ಕೆ ಸಿಕ್ಕಿಬಿದ್ದ ಜೀವ ಎಂಬಲ್ಲಿ ಮಾತ್ರ ಜಗಳವಿಲ್ಲ. ನನ್ನ ತಕರಾರು ಅಲ್ಲೇ.

ನಾನು ಮಂಚಿಕೇರಿ ಕಡೆಯ ಅಡಿಕೆ ತೋಟದವ. ಎಕರೆ ತೋಟಕ್ಕೆ 9 ಎಕರೆವರೆಗೆ ಬ್ರಿಟಿಷರ ಕಾಲದಿಂದ ಬಿಟ್ಟ ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲು ಹೋದಾಗೆಲ್ಲ ಮಂಗಟ್ಟೆಯನ್ನು ನೋಡಿದವ. ಅತ್ತಿ, ಬಸರಿ, ಗೋಳಿ, ಯಾವುದು ಹಣ್ಣಾದರೂ ಅದು ಹಾಜರು. ಕೊಕ್ಕಿನ ತುದಿಯಲ್ಲಿ ಕಿತ್ತು, ತಲೆ ಎತ್ತಿ ಗಂಟಲಿಗೆ ಚಿಮ್ಮಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೆಣ್ಣು ಪೊಟರೆ ಸೇರಿ, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಒಂದು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಗಂಟಲಲ್ಲಿ ತುಂಬಿ ತಂದ ಹಣ್ಣನ್ನು ಒಂದೊಂದಾಗಿ ಕಕ್ಕಿ ಆ ಸೀಳಿಗೆ ಕೊಡುತ್ತದೆ. ಮರಿಯಾದ ಮೇಲೆ ಓತಿಕ್ಯಾತ, ಹುಳುಹುಪ್ಪಟೆಯೂ ಬರುತ್ತವೆ, ಸನ್ಯಾಸಿ ಹಕ್ಕಿಯೇನಲ್ಲ.

ಆದರೂ ಮರದ ಕಡೆಯಿಂದ ನೋಡಿ. ರಾಮಪತ್ರೆ ಕಾಯಿ ಬಿರಿದು ಪತ್ರೆಯ ಬಣ್ಣ ತೋರುವುದು ತಿನ್ನುವವರನ್ನು ಕರೆಯಲಿಕ್ಕೆ. ಮಂಗಟ್ಟೆ ಇಡಿಯಾಗಿ ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಕಕ್ಕುತ್ತದೆ. ಗೋಳಿಯ ಸಣ್ಣ ಬೀಜ ಹಿಕ್ಕೆಯಲ್ಲಿ ಬಿದ್ದು ಇನ್ನೊಂದು ಮರದ ಕವಲಲ್ಲಿ ಮೊಳೆಯುತ್ತದೆ. ಎಲ್ಲ ಹಕ್ಕಿಗಳೂ ಸಾಕ್ಷಿಯಾಗಿ ಕುಳಿತರೆ, ಮುಂದಿನ ಸಾಕ್ಷಿಗೆ ಕೂರಲು ಮರವೇ ಇರುವುದಿಲ್ಲ.

ಸಂಕಲ್ಪವಿಲ್ಲದ್ದು ದಾನವಾಗದು, ಹಕ್ಕಿಗೆ ತಾನು ಬಿತ್ತುವ ಅರಿವೆಲ್ಲಿ ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪಿದೆ; ಮಂಗಟ್ಟೆಗೆ ಪುಣ್ಯ ಕೊಡಿಸಲು ನಾನು ಹೊರಟಿಲ್ಲ. ಅರಿವಿರುವ ನಮ್ಮ ಊಟದ ಲೆಕ್ಕ ಕೇಳುತ್ತಿದ್ದೇನೆ. ಬೇರೆಯವರು ಕೊಯ್ದಾರೆಂಬ ಅವಸರಕ್ಕೆ ರಾಮಪತ್ರೆಯನ್ನು ಎಳೆಯದರಲ್ಲೇ, ಟೊಂಗೆ ಸಮೇತ ಇಳಿಸುವವರಿದ್ದಾರೆ. ಪತ್ರೆ ಒಣಗಿ ಪೇಟೆಗೆ ಹೋಗುತ್ತದೆ, ಬಲಿಯದ ಬೀಜ ಅಂಗಳದ ಮೂಲೆಯಲ್ಲಿ ಕೊಳೆಯುತ್ತದೆ. ಫಲಕ್ಕೆ ಸಿಕ್ಕಿಬಿದ್ದ ಜೀವ ಎಂದರೆ ನನ್ನ ಕಣ್ಣಿಗೆ ಕಾಣುವುದು ಇದು. ಈಶಾವಾಸ್ಯವೂ ಉಣ್ಣುವುದನ್ನು ನಿಷೇಧಿಸುವುದಿಲ್ಲ. ತ್ಯಾಗವನ್ನು ಉಣ್ಣುವುದರೊಳಗೇ ಇಡುತ್ತದೆ.

ನಮ್ಮ ಬೆಟ್ಟದ ಕೆಲವು ರಾಮಪತ್ರೆ ಮರಗಳನ್ನು ನಾವು ಕೊಯ್ಯುವುದಿಲ್ಲ. ಅದನ್ನು ವೈರಾಗ್ಯವೆಂದರೆ ನಗೆಪಾಟಲು. ಉಳಿದ ಮರಗಳ ಪತ್ರೆ ಮಾರಿ ದುಡ್ಡು ಎಣಿಸಿಕೊಳ್ಳುತ್ತೇನೆ. ತಿನ್ನುವ ಹಕ್ಕಿಯ ಪಂಕ್ತಿಯಲ್ಲೇ ಕುಳಿತವ ನಾನು. ಆ ಪಂಕ್ತಿಯಲ್ಲೂ ಧರ್ಮಕ್ಕೆ ಒಂದು ಎಲೆ ಹಾಕಬಹುದು ಎಂಬಷ್ಟೇ ನನ್ನ ವಾದ.