ಎರಡು ಸೊನ್ನೆಗಳ ಲೆಕ್ಕ

ಜರ್ಮನಿಗೆ ಓದಲು ಬರುವ ನಮ್ಮವರೆಲ್ಲ ಮೊದಲ ವಾರದಲ್ಲೇ ಕಲಿಯುವ ಗಣಿತವೊಂದಿದೆ. ಯೂರೋ ಈಗ ನೂರು ರೂಪಾಯಿಯ ಆಸುಪಾಸಿನಲ್ಲಿದೆ. ಹಾಗಾಗಿ ಯಾವ ಬೆಲೆ ಕಂಡರೂ ಅದರ ಮುಂದೆ ಎರಡು ಸೊನ್ನೆ ಹಚ್ಚಿದರೆ ಆಯಿತು. ಕೊತ್ತಂಬರಿಯ ಪುಟ್ಟ ಕಟ್ಟು ನೂರೈವತ್ತು, ಹೋಟೆಲಿನಲ್ಲಿ ಒಂದು ಕಾಫಿ ಮುನ್ನೂರೈವತ್ತು, ಕ್ಷೌರ ಎರಡೂವರೆ ಸಾವಿರ. ನಾನು ಬಂದು ಮೂರನೆಯ ವರ್ಷ ನಡೆಯುತ್ತಿದೆ, ಈ ಅಭ್ಯಾಸ ಹೋಗಿಲ್ಲ. ಹೋಗಬೇಕೇ ಎಂಬುದು ನನ್ನ ಪ್ರಶ್ನೆ. "ಗುಣಿಸಬೇಡ, ಗುಣಿಸ್ತಾ ಕೂತರೆ ಇಲ್ಲಿ ಬದುಕೋಕಾಗಲ್ಲ" ಎಂಬುದು ಹಳಬರು ಹೊಸಬರಿಗೆ ಮಾಡುವ ಮೊದಲ ಉಪದೇಶ. ನೆಮ್ಮದಿಯ ದೃಷ್ಟಿಯಿಂದ ಮಾತು ಸರಿ. ಆದರೆ ಒಂದು ವಸ್ತುವಿನ ಬೆಲೆ ಯಾವ ಊರಿನ ದುಡ್ಡಿನಲ್ಲಿ ನಿಜ ಎನ್ನುವುದು ಬರೀ ನೆಮ್ಮದಿಯ ಪ್ರಶ್ನೆಯಲ್ಲ.

ಮೊದಲು ನೋಡಬೇಕಾದದ್ದು ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು. ಎಂ.ಎಸ್. ಮಾಡಲು ಬರುವ ಹುಡುಗ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೋ ಅವನ ಕೈಗೆ ಬರುತ್ತದೆ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲ ಅದರಲ್ಲೇ. ಟಿವಿ ಇರಲಿ ಬಿಡಲಿ ಪ್ರತಿ ಮನೆಯಿಂದ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವೆಂಬುದೂ ಇದೆ. ಟಿವಿಯೇ ಇಲ್ಲದವನಿಗೆ ಇದನ್ನು ವಿವರಿಸುವುದು ಕಷ್ಟ. ಆ ಹನ್ನೆರಡು ಲಕ್ಷ ಊರಿನ ಬ್ಯಾಂಕಿನ ಸಾಲವಾಗಿದ್ದರೆ, ಅಥವಾ ಅಪ್ಪ ಸೈಟು ಅಡವಿಟ್ಟು ತಂದದ್ದಾಗಿದ್ದರೆ, ಅವನು ಕುಡಿಯುವ ಕಾಫಿ ನಿಜಕ್ಕೂ ಮುನ್ನೂರೈವತ್ತು ರೂಪಾಯಿಯದ್ದೇ, ಅದರ ಮೇಲೆ ಬಡ್ಡಿ ಬೇರೆ. ಅವನಿಗೆ ಗುಣಿಸಬೇಡ ಎನ್ನುವುದು ಸಾಲವನ್ನು ಮರೆ ಎಂದಂತೆ. ನನ್ನ ಸ್ಥಿತಿ ಬೇರೆ. ನನ್ನ ವಿದ್ಯಾರ್ಥಿವೇತನ ಬರುವುದು ಯೂರೋದಲ್ಲಿ, ಖರ್ಚಾಗುವುದೂ ಯೂರೋದಲ್ಲಿ. ಆದರೂ ತಿಂಗಳ ಕೊನೆಗೆ ಉಳಿದದ್ದು ಮೈಸೂರಿಗೆ ಹೋಗುತ್ತದಾದ್ದರಿಂದ ಕುಡಿಯದೆ ಬಿಟ್ಟ ಕಾಫಿಯೊಂದು ಅಲ್ಲಿ ಮುನ್ನೂರೈವತ್ತಾಗಿಯೇ ಇಳಿಯುತ್ತದೆ.

ಹಾಗಾದರೆ ಗುಣಿಸುವುದೇ ಪ್ರಾಮಾಣಿಕತೆಯೇ? ಇಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯೊಂದನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ 25 ಸೆಂಟ್ ಸಿಗುತ್ತದೆ. ಸಂಜೆ ಹೊತ್ತು ಕಸದ ಡಬ್ಬಿಗಳಲ್ಲಿ ಬಾಟಲಿ ಹುಡುಕುತ್ತ ಹೋಗುವ ಮುದುಕರನ್ನು ಜರ್ಮನಿಯ ಯಾವ ದೊಡ್ಡ ಊರಿನಲ್ಲೂ ಕಾಣಬಹುದು. ಅವರು ಕೈಹಾಕಿ ಕೆದಕುವಂತಾಗಬಾರದೆಂದು ಕೆಲವರು ಬಾಟಲಿಯನ್ನು ಡಬ್ಬಿಯ ಪಕ್ಕದಲ್ಲೇ ನಿಲ್ಲಿಸಿ ಹೋಗುತ್ತಾರೆ. ಎರಡು ಸೊನ್ನೆಯ ಲೆಕ್ಕದಲ್ಲಿ ಆ ಮುದುಕ ಒಂದು ಬಾಟಲಿಗೆ ಇಪ್ಪತ್ತೈದು ರೂಪಾಯಿ ಸಂಪಾದಿಸಿದ. ಇಪ್ಪತ್ತು ಬಾಟಲಿಗೆ ಐನೂರು! ನಮ್ಮೂರಿನ ಎಷ್ಟೋ ಕೂಲಿಯವರ ದಿನಗೂಲಿ. ಆದರೆ ಅವನು ಬ್ರೆಡ್ಡು ಕೊಳ್ಳುವುದು ಇಲ್ಲಿ, ಚಳಿಗಾಲ ಕಳೆಯುವುದು ಇಲ್ಲಿ. ಬಡವನನ್ನು ಅನುಕೂಲಸ್ಥನೆಂದು ಹೇಳುವ ಲೆಕ್ಕ ಎಲ್ಲೋ ಕೆಟ್ಟಿದೆ. ಊರಿನಲ್ಲಿ ನಮ್ಮ ನೆಂಟರು ನನ್ನ ವೇತನದ ಮೇಲೂ ಇದೇ ಲೆಕ್ಕ ಓಡಿಸುತ್ತಾರೆ. ಆದಾಯಕ್ಕೆ ಸೊನ್ನೆ ಹಚ್ಚಿ "ಲಕ್ಷದ ಮೇಲೆ ಬರುತ್ತಂತೆ" ಅನ್ನುತ್ತಾರೆ, ಬಾಡಿಗೆಗೆ ಹಚ್ಚುವುದಿಲ್ಲ. ನಾವು ಇಲ್ಲಿ ಬೆಲೆಗೆ ಹಚ್ಚುತ್ತೇವೆ, ಸಂಬಳಕ್ಕೆ ಹಚ್ಚುವುದಿಲ್ಲ. ಯಾರಿಗೆ ಎಲ್ಲಿ ಬೇಕೋ ಅಲ್ಲಿ ಸೊನ್ನೆ.

ಕಾಫಿಯ ವಿಷಯ ಅಷ್ಟು ಬೇಗ ಬಿಡುವಂಥದ್ದಲ್ಲ. ಆಡಂ ಸ್ಮಿತ್ 1776ರ ತನ್ನ ಪುಸ್ತಕದಲ್ಲಿ ಲಿನನ್ ಅಂಗಿಯ ಉದಾಹರಣೆ ಕೊಡುತ್ತಾನೆ. ಗ್ರೀಕರು, ರೋಮನ್ನರು ಅದಿಲ್ಲದೆಯೇ ಸುಖವಾಗಿದ್ದರು, ಆದರೆ ತನ್ನ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ಕೂಲಿಯವನೂ ಅದಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಆದ್ದರಿಂದ ಅದು ಅವಶ್ಯಕತೆಯೇ ಎಂಬುದು ಅವನ ವಾದ. ಅಮರ್ತ್ಯ ಸೇನ್ ಇದನ್ನು ಹಿಡಿದು, ನಾಚಿಕೆಯಿಲ್ಲದೆ ಜನರ ನಡುವೆ ಓಡಾಡುವ ಸಾಮರ್ಥ್ಯ ಎಲ್ಲೆಡೆಯೂ ಒಂದೇ, ಅದಕ್ಕೆ ಬೇಕಾಗುವ ಸರಕು ಮಾತ್ರ ಊರಿಂದ ಊರಿಗೆ ಬೇರೆ ಎಂದರು. ವಾರದ ಸೆಮಿನಾರು ಮುಗಿದ ಮೇಲೆ ಎಲ್ಲರೂ ಹೋಗಿ ಕುಡಿಯುವ ಕಾಫಿ ನನ್ನ ಲಿನನ್ ಅಂಗಿ. ಸೆಮಿನಾರಿನಲ್ಲಿ ಯಾರೂ ಹೇಳದ ಮಾತುಗಳು ಅಲ್ಲಿ ಬರುತ್ತವೆ. ಮೂರು ಸಲ "ಕೆಲಸವಿದೆ" ಎಂದು ತಪ್ಪಿಸಿಕೊಂಡವನನ್ನು ನಾಲ್ಕನೆಯ ಸಲ ಕರೆಯುವುದಿಲ್ಲ. ಇಲ್ಲಿ ಬೈ-ಟು ಎಂಬ ವ್ಯವಸ್ಥೆಯೂ ಇಲ್ಲ. ಬಿಲ್ಲು ಒಟ್ಟಿಗೋ ಬೇರೆಬೇರೆಯೋ ಎಂದು ಮಾಣಿ ಕೇಳುತ್ತಾನೆ, ಪ್ರತಿಯೊಬ್ಬರೂ ತಂತಮ್ಮದು ಕೊಡುತ್ತಾರೆ. ಬಿಲ್ಲಿಗಾಗಿ ಕಿತ್ತಾಡುವ ನಮ್ಮ ಪ್ರೀತಿ ಇದರಲ್ಲಿಲ್ಲ ನಿಜ, ಆದರೆ ಎಣಿಸಿ ಬದುಕುವವನಿಗೆ ಇದು ದೊಡ್ಡ ಉಪಕಾರ.

ಕ್ಷೌರದ ಎರಡೂವರೆ ಸಾವಿರ ಮಾತ್ರ ಬೇರೆಯದೇ ವಿಷಯ. ಹಾಸ್ಟೆಲಿನ ನಮ್ಮ ಹುಡುಗರು ಮಷೀನು ಕೊಂಡು ಒಬ್ಬರ ತಲೆ ಒಬ್ಬರು ಬೋಳಿಸುತ್ತಾರೆ, "ಊರಲ್ಲಿ ನೂರು ರೂಪಾಯಿ" ಎಂದು ಹಲುಬುತ್ತಾರೆ. ಅಲ್ಲಿ ನೂರು ಏಕೆ? ಅಕ್ಕಿಗೂ ಬಟ್ಟೆಗೂ ಎರಡು ದೇಶಗಳ ನಡುವೆ ಇಷ್ಟು ಅಂತರವಿಲ್ಲ. ಅಂತರ ಬಾಯಿ ತೆರೆಯುವುದು ಮನುಷ್ಯನ ಕೈ ತಗುಲುವ ಕಡೆ: ಕ್ಷೌರ, ಆಟೋ, ಅಡುಗೆ, ಪಾತ್ರೆ ತೊಳೆಯುವುದು. 2025ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು. ಕ್ಷೌರಿಕನಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೊಳ್ಳುವ ಶಕ್ತಿಯ ಲೆಕ್ಕ ಹಾಕುವ ಅರ್ಥಶಾಸ್ತ್ರಜ್ಞರು ಭಾರತದಲ್ಲಿ ಜೀವನ ಅಗ್ಗ ಎನ್ನುತ್ತಾರೆ. ಅಗ್ಗ ಯಾರಿಗೆ ಎಂದು ಕೇಳಬೇಕು. ನಾನು ಕಳೆದುಕೊಂಡೆ ಎಂದುಕೊಳ್ಳುವ ಸುಖದಲ್ಲಿ ಮುಕ್ಕಾಲು ಪಾಲು ಬೇರೊಬ್ಬರ ಕಡಿಮೆ ಕೂಲಿ.

ಹಾಗಾಗಿ ಗುಣಿಸುವುದನ್ನು ಬಿಡಬೇಕು ಎಂದು ನನಗನ್ನಿಸುವುದಿಲ್ಲ. ಅರ್ಧಕ್ಕೆ ನಿಲ್ಲಿಸಬಾರದು, ಅಷ್ಟೆ. ಇಲ್ಲಿಂದ ಅಲ್ಲಿಗೆ ಗುಣಿಸಿದ ಮೇಲೆ ಅಲ್ಲಿಂದ ಇಲ್ಲಿಗೆ ಭಾಗಿಸಿಯೂ ನೋಡಬೇಕು. ಮೈಸೂರಿನ ನಮ್ಮ ಮನೆಗೆ ಪಾತ್ರೆ ತೊಳೆದು ನೆಲ ಒರೆಸಲು ಬರುವ ಅಕ್ಕನಿಗೆ ತಿಂಗಳಿಗೆ ಸಾವಿರದೈನೂರು. ಭಾಗಿಸಿದರೆ ಹದಿನೈದು ಯೂರೋ. ಇಲ್ಲಿಯ 2025ರ ಕನಿಷ್ಠ ಕೂಲಿಯಲ್ಲಿ ಒಂದು ಗಂಟೆ ಹತ್ತು ನಿಮಿಷದ ಕೆಲಸ.

ಈಚೆಗೆ ಆಕೆ ಇನ್ನೂರು ರೂಪಾಯಿ ಜಾಸ್ತಿ ಕೇಳಿದರಂತೆ. ಕೊಡು ಎಂದೆ. "ನಿನ್ನ ಅಲ್ಲಿಯ ಲೆಕ್ಕ ಇಲ್ಲಿಗೆ ತರಬೇಡ. ಅಪ್ಪನ ಪಿಂಚಣಿ ರೂಪಾಯಲ್ಲೇ ಬರೋದು" ಎಂದರು ಅಮ್ಮ. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಮುದುಕನ ಬಾಟಲಿಯ ಬಗ್ಗೆ ನಾನು ಹೇಳುವುದೂ ಅದನ್ನೇ ತಾನೆ. ಎರಡು ಯೂರೋ ನಾನೇ ಕಳಿಸುತ್ತೇನೆ ಎಂದೆ, ಅಮ್ಮ ಒಪ್ಪಿದರು. ಆದರೆ ಹಾಗೆ ಬಂದ ಇನ್ನೂರು ಆಕೆಯ ಕೆಲಸದ ಬೆಲೆಯಲ್ಲ, ನನ್ನ ವಿದ್ಯಾರ್ಥಿವೇತನ ಇರುವವರೆಗಿನ ಔದಾರ್ಯ. ಅದೇ ಬೀದಿಯಲ್ಲಿ ಆಕೆ ಇನ್ನೂ ನಾಲ್ಕು ಮನೆ ಮಾಡುತ್ತಾರೆ. ಅಲ್ಲೆಲ್ಲ ಹಳೆಯ ಸಂಬಳವೇ.