ಮರೆಯಾದದ್ದು, ನಾಶವಾದದ್ದು

ತಿ. ನರಸೀಪುರದ ಸಂಗಮಕ್ಕೆ ಬಂದು ತಂದೆಯ ಅಸ್ಥಿ ಬಿಟ್ಟು ಹೋದ ಮನೆಯವರೇ, ಆ ತಂದೆಯ ಫೋಟೊ, ದನಿ, ಪತ್ರಗಳಿದ್ದ ಹಾರ್ಡ್ ಡಿಸ್ಕ್ ಕೆಟ್ಟಿತೆಂದರೆ ನಿದ್ದೆಗೆಟ್ಟು ಕೂರುತ್ತಾರೆ. ದೇಹದ ಕೊನೆಯ ಚೂರನ್ನೂ ಕಾವೇರಿ, ಕಪಿಲೆಯರಿಗೆ ಒಪ್ಪಿಸಬಲ್ಲವರಿಗೆ ಅಂಗೈಯಗಲದ ಡಬ್ಬಿಯೊಳಗಿನ ಗುರುತುಗಳನ್ನು ಬಿಡಲಾಗದಿದ್ದರೆ ಅದು ಮೋಹವಲ್ಲದೆ ಇನ್ನೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ವೈರಾಗ್ಯವನ್ನು ಇಷ್ಟು ಗೌರವಿಸುವ ನಾಡಿನಲ್ಲಿ, ಹೋದದ್ದನ್ನು ಹಿಂದಕ್ಕೆ ತರುವ ಹಟಕ್ಕೆ ಧರ್ಮದ ಬೆಂಬಲವಿದೆಯೇ? ಇದೆ ಎಂಬುದೇ ನನ್ನ ವಾದ, ಆದರೆ ಒಂದು ಷರತ್ತಿನ ಮೇಲೆ: ಉಳಿಸಿಕೊಳ್ಳಲು ಹೊರಟವನಿಗೆ ಮೊದಲು ಕೈ ಹಿಂದೆಗೆಯಲು ಬರಬೇಕು. ಇದಕ್ಕೆ ಸಾಕ್ಷಿ ಶಾಸ್ತ್ರದಲ್ಲಿ ಇರುವಷ್ಟೇ ಆ ಯಂತ್ರ ಕೆಲಸ ಮಾಡುವ ಬಗೆಯಲ್ಲೂ ಇದೆ.

ಮೋಹದ ಆಕ್ಷೇಪಣೆಯನ್ನು ಮೊದಲು ನೋಡೋಣ. ಅಸ್ಥಿಯನ್ನು ಹೊಳೆಗೆ ಬಿಡು ಎಂದ ಸಂಪ್ರದಾಯವೇ ವರ್ಷಕ್ಕೊಮ್ಮೆ ತಿಥಿ ಮಾಡು, ತಂದೆ, ತಾತ, ಮುತ್ತಾತ ಮೂವರನ್ನೂ ಹೆಸರು ಗೋತ್ರ ಹಿಡಿದು ನೆನೆ ಎಂದೂ ಹೇಳಿತು. ಬಿಡಬೇಕಾದದ್ದು ದೇಹ, ಬಿಡಬಾರದ್ದು ನೆನಪು ಎಂಬ ವಿವೇಕ ಅಲ್ಲೇ ಇದೆ. ಈ ಸೀಮೆಯ ಲಿಂಗಾಯತ ಮನೆಗಳಲ್ಲಿ ಅಸ್ಥಿ ಬಿಡುವ ಮಾತೇ ಬರುವುದಿಲ್ಲ, ದೇಹವನ್ನು ಮಣ್ಣಿಗೆ ಕೊಡುತ್ತಾರೆ. ಗದ್ದುಗೆಗೆ ನಡೆದುಕೊಳ್ಳುವುದನ್ನು ಮಾತ್ರ ಬಿಡುವುದಿಲ್ಲ. ಒಕ್ಕಲು ಮನೆಗಳಲ್ಲಿ ಮಹಾಲಯದ ಹೊತ್ತಿಗೆ ಹಿರಿಯರಿಗೆ ಎಡೆ ಇಡುವಾಗ ಎದುರಿಗೆ ಅವರ ಫೋಟೊ ಇರುತ್ತದೆ, ಅದಕ್ಕೆ ಹೂ ಮುಡಿಸಿರುತ್ತಾರೆ. ಆ ಫೋಟೊದ ಮೂಲ ಇಂದು ಎಷ್ಟೋ ಮನೆಗಳಲ್ಲಿ ಕಾಗದದ ಮೇಲಿಲ್ಲ, ಕಾಂತೀಯ ತಟ್ಟೆಯ ಮೇಲಿದೆ. ಹಾಗಾಗಿ ಅದನ್ನು ಮರಳಿ ಪಡೆಯುವ ಯತ್ನವನ್ನು ಪಿತೃಋಣದ ಲೆಕ್ಕದಿಂದ ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು, ಹೋಗಿದೆ ಎಂದರೆ ಏನು? ನಮ್ಮ ತಾರ್ಕಿಕರು ಇಲ್ಲದಿರುವಿಕೆಯಲ್ಲೂ ಬಗೆಗಳನ್ನು ಗುರುತಿಸಿದ್ದರು. ಒಡೆದ ಗಡಿಗೆಯ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಅದಕ್ಕೆ ಆರಂಭವಿದೆ, ಅಂತ್ಯವಿಲ್ಲ. ಕಣ್ಣಿಗೆ ಮರೆಯಾದದ್ದರ ಸಂಗತಿ ಬೇರೆ, ಅದು ಇದ್ದೂ ತೋರದು. ಕಾವೇರಿ, ಕಪಿಲೆಗಳ ಜೊತೆಗೆ ಕಾಣದ ಸ್ಫಟಿಕ ಸರೋವರವನ್ನೂ ಎಣಿಸಿ ತ್ರಿವೇಣಿ ಎನ್ನುವ ಊರಿನವರಿಗೆ ಈ ವ್ಯತ್ಯಾಸ ಹೊಸದಲ್ಲ. ಹಾರ್ಡ್ ಡಿಸ್ಕಿನಲ್ಲಿ ಫೈಲೊಂದನ್ನು ಡಿಲೀಟ್ ಮಾಡಿದರೆ ಸಾಮಾನ್ಯವಾಗಿ ಅಳಿಯುವುದು ಅದು ಎಲ್ಲಿದೆ ಎಂಬ ದಾಖಲೆ ಮಾತ್ರ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನ ಬರಹ ಹಾಗೇ ಇರುತ್ತದೆ. ಸರ್ಕ್ಯೂಟ್ ಬೋರ್ಡ್ ಸುಟ್ಟಿದ್ದರೂ ತಟ್ಟೆಯ ಮೇಲಿನದಕ್ಕೆ ಏನೂ ಆಗಿರದಿರಬಹುದು. ಆದರೆ ತಟ್ಟೆಯ ಮೈ ಗೀಚಿ ಕಾಂತೀಯ ಲೇಪ ಪುಡಿಯಾಗಿ ಉದುರಿದ ಕಡೆ ಇದ್ದದ್ದು ಶಾಶ್ವತವಾಗಿ ಹೋಯಿತು. ಈಚಿನ ಎಸ್‌ಎಸ್‌ಡಿಗಳಲ್ಲಿ ಡಿಲೀಟ್ ಆದದ್ದನ್ನು ಯಂತ್ರವೇ ಒರೆಸಿಹಾಕುವುದರಿಂದ ಅಲ್ಲಿ ಆಸೆ ಇನ್ನೂ ಕಡಿಮೆ. ಹೊರಗೆ ನಿಂತವರಿಗೆ ಇವೆಲ್ಲ ಒಂದೇ ಥರ ಕಾಣುತ್ತವೆ: ಡಿಸ್ಕ್ ಓಪನ್ ಆಗುತ್ತಿಲ್ಲ, ಅಷ್ಟೆ.

ಮನೆಯಲ್ಲಿ ಆಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಟಿಕ್, ಟಿಕ್ ಎಂಬ ಸದ್ದು ಬರುತ್ತದೆ. ಓದುವ ಹೆಡ್ಡು ತನ್ನ ಜಾಗ ಸಿಗದೆ ಹೊಯ್ದಾಡುವ ಸದ್ದು ಅದು. ರಾತ್ರಿಯಿಡೀ ಹಾಗೇ ಓಡಲು ಬಿಡುತ್ತಾರೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದನ್ನು ಮಾಡುತ್ತಾರೆ, ಹೊರ ತೆಗೆದಾಗ ಒಳಗೆ ತೇವ ಕಟ್ಟುತ್ತದೆ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡ್ ಬಿಚ್ಚಿ ಹಾಕುತ್ತಾರೆ. ಆದರೆ ಪ್ರತಿ ಡಿಸ್ಕಿಗೂ ಅದರದ್ದೇ ಹೊಂದಾಣಿಕೆಯ ವಿವರ ಬೋರ್ಡಿನ ಚಿಪ್ಪಿನಲ್ಲಿರುವುದರಿಂದ ಬರೀ ಬೋರ್ಡ್ ಬದಲಾಯಿಸಿದರೆ ಸಾಮಾನ್ಯವಾಗಿ ಕೆಲಸ ಆಗದು. ಕೊನೆಗೆ ಸ್ಕ್ರೂ ಬಿಚ್ಚಿ, ಸೀಲಿಂಗ್ ಫ್ಯಾನಿನ ಕೆಳಗೆ ಮುಚ್ಚಳ ತೆರೆಯುತ್ತಾರೆ. ಒಳಗೆ ಮುಖ ಕಾಣುವಷ್ಟು ನುಣುಪಾದ ತಟ್ಟೆ. ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುವ ಆ ತಟ್ಟೆಯ ಮೇಲೆ ಹೆಡ್ಡು ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್ ಎಂದಮೇಲೆ, ಕಣ್ಣಿಗೆ ಕಾಣದ ಧೂಳಿನ ಕಣವೂ ಹೆಡ್ಡಿನ ಪಾಲಿಗೆ ಬಂಡೆಗಲ್ಲು. ಬೆಳಗ್ಗೆ ಕೇವಲ ಮರೆಯಾಗಿದ್ದದ್ದು ಸಂಜೆಯ ಹೊತ್ತಿಗೆ ನಿಜಕ್ಕೂ ನಾಶವಾಗಿರುತ್ತದೆ. ಮಾಡಿದವರು ತಂದೆಯನ್ನು ಪ್ರೀತಿಸಿದವರೇ.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿತ್ತು. ಅಂಥ ನೆರೆ ಇಳಿದ ಮೇಲೆ ನೆಂದ ಸಾಮಾನನ್ನೆಲ್ಲ ಬಿಸಿಲಿಗೆ ಹರವುವುದು ರೂಢಿ. ಹಾರ್ಡ್ ಡಿಸ್ಕಿಗೆ ಅದು ಸಲ್ಲದು. ಒಣಗಿದಂತೆ ನೀರಿನ ಕಲ್ಮಷ ತಟ್ಟೆಗೆ ಅಂಟಿಕೊಳ್ಳುತ್ತದೆ. ಕರೆಂಟು ಕೊಡದೆ, ತೇವ ಆರಗೊಡದೆ ಬಲ್ಲವರ ಕೈಗೆ ಒಪ್ಪಿಸಬೇಕು. ಅಂದರೆ ಮೊದಲ ಕೆಲಸ ಏನನ್ನೂ ಮಾಡದಿರುವುದು. ಓದಲು ಬರುವಷ್ಟು ಜೀವ ಇರುವ ಡಿಸ್ಕಿನಲ್ಲೂ ಬಲ್ಲವರು ಬೇಕಾದ ಫೋಟೊವನ್ನು ಹುಡುಕುತ್ತ ಹೋಗುವುದಿಲ್ಲ. ಸುಲಭಕ್ಕೆ ಬಂದದ್ದನ್ನೆಲ್ಲ ಮೊದಲು ನಕಲು ತೆಗೆದು, ಕಷ್ಟದ ಭಾಗವನ್ನು ಕೊನೆಗಿಟ್ಟು, ಆಮೇಲೆ ನಕಲಿನ ಮೇಲಷ್ಟೇ ಹುಡುಕುತ್ತಾರೆ. ಫಲದ ಮೇಲೆ ಕಣ್ಣಿಡದೆ ಕೆಲಸ ಮಾಡು ಎಂದು ಗೀತೆ ಸಾರುವುದನ್ನು ಕೇಳಿ ತಲೆದೂಗುತ್ತೇವೆ. ಅದೇಕೆಂಬುದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಆ ಒಂದು ಫೋಟೊ ಈಗಲೇ ಬೇಕೆಂಬ ಆತುರವೇ ಆ ಫೋಟೊವನ್ನು ತಿನ್ನುತ್ತದೆ. ನಾನು ಹೇಳುವ ವೈರಾಗ್ಯ ಡಿಸ್ಕನ್ನು ಗುಜರಿಗೆ ಹಾಕುವುದಲ್ಲ. ತನ್ನ ಕೈಯ ಮೇಲೆ ಹಿಡಿತ ಬರುವುದು.

ಋಣ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ, ಇಷ್ಟೆಲ್ಲ ತಾಪತ್ರಯ ಏಕೆ ಎನ್ನುವವರಿಗೂ ಉತ್ತರ ಹೇಳಬೇಕು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ರೋಗ ವಾಸಿಯಾಗಲೆಂದು ಮುಡಿ ಹರಕೆ ಹೊರುವವರು, ಉರುಳು ಸೇವೆ ಮಾಡುವವರು ಲೆಕ್ಕವಿಲ್ಲ. ಟಿಪ್ಪು ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಪ್ರತೀತಿ ಇನ್ನೂ ಜನರ ಬಾಯಲ್ಲಿದೆ. ಆದರೂ ಹರಕೆ ಹೊತ್ತ ಭಕ್ತರು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ದೈವ, ಪುರುಷಪ್ರಯತ್ನ ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಬಂದ ಜನ ಇವರು. ಋಣದ ಮಾತು ಎಲ್ಲ ಪ್ರಯತ್ನ ಮುಗಿದ ಮೇಲೆ ಸಮಾಧಾನಕ್ಕೆ ಬರಬೇಕಾದದ್ದು. ಮೊದಲೇ ಬಂದರೆ ಅದು ಸೋಮಾರಿತನಕ್ಕೆ ಹೊದಿಸಿದ ಶಾಲು.

ನಿಧಾನಕ್ಕೆ ಸಿಗುವ ಫಲ ಏನೆಂಬುದಕ್ಕೆ ತಿ. ನರಸೀಪುರ ತಾಲ್ಲೂಕಿನ ತಲಕಾಡಿಗಿಂತ ಬೇರೆ ಸಾಕ್ಷಿ ಬೇಡ. ಚೋಳರನ್ನು ಗೆದ್ದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ ಶಿವನ ಗುಡಿಗಳನ್ನೂ ಮರಳು ಮುಚ್ಚಿತ್ತು. ಮುಚ್ಚಿದ್ದೇ ಹೊರತು ಅಳಿಸಿರಲಿಲ್ಲ. ಮರಳು ಸರಿಸಿ 2020ರ ಡಿಸೆಂಬರಿನಲ್ಲೂ ಪಂಚಲಿಂಗ ದರ್ಶನ ನಡೆಯಿತು. ಇನ್ನೊಂದು ಸಾಕ್ಷಿ ಬಿ. ಎಲ್. ರೈಸ್ ಅವರದು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳ ಪಾಠಗಳನ್ನು ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಅಚ್ಚು ಹಾಕಿಸಿದರು. ಚಂದ್ರಾರ್ಕವಾಗಿ ಉಳಿಯಲೆಂದು ಕಲ್ಲಿನಲ್ಲಿ ಕೆತ್ತಿದ್ದನ್ನೂ ಕಾಗದಕ್ಕೆ ಇಳಿಸಬೇಕೆಂದು ಅವರಿಗೆ ತೋಚಿತು. ಕಲ್ಲು ಇನ್ನೂ ನಿಂತಿರುವಾಗಲೇ ನಕಲು ತೆಗೆದದ್ದು ಅವರ ದೊಡ್ಡತನ.

ನನಗೆ ನಿಜಕ್ಕೂ ಕಷ್ಟವೆನಿಸುವ ಆಕ್ಷೇಪಣೆ ಬೇರೆ. ಸತ್ತವರ ಡಿಸ್ಕಿನಲ್ಲಿರುವುದೆಲ್ಲ ನಮಗಾಗಿ ಇಟ್ಟದ್ದೇ? ತಾವೇ ಅಳಿಸಿದ್ದನ್ನು ರಿಕವರಿ ಸಾಫ್ಟ್‌ವೇರ್ ಎಬ್ಬಿಸಿ ತಂದು ಮಕ್ಕಳ ಮುಂದಿಡುತ್ತದೆ. ಅಳಿಸಿದವರಿಗೆ ಅದಕ್ಕೊಂದು ಕಾರಣವಿದ್ದಿರಬಹುದು. ಅದನ್ನು ಓದುವುದು ಋಣ ತೀರಿಸುವ ಕೆಲಸವಲ್ಲ, ತೆರೆಯದೆ ಬಿಡುವುದೇ ಮರ್ಯಾದೆ. ಖರ್ಚಿನ ವಿಷಯದಲ್ಲೂ ಗೆರೆ ಬೇಕು. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆದು ಕೆಲಸ ಮಾಡುವವರು ಹತ್ತಾರು ಸಾವಿರ ರೂಪಾಯಿ ಕೇಳಬಹುದು, ಆದರೂ ಸಿಗುವ ಖಾತ್ರಿ ಇಲ್ಲ. ಮನೆಯಲ್ಲಿ ಮಕ್ಕಳ ಫೀಸು, ಮದ್ದಿನ ಖರ್ಚು ಬಾಕಿ ಇರುವಾಗ ಅದಕ್ಕೆ ಸಾಲ ಮಾಡಿ ಎಂದು ಯಾವ ಪಿತೃವೂ ಕೇಳಲಾರ. ತಟ್ಟೆ ಗೀಚಿಹೋಗಿದೆ ಎಂದು ಬಲ್ಲವರು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಸಂಗಮದ ನೀರಿಗೆ ಮಾತ್ರ ಅದನ್ನು ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇನ್ನೂ ತಿರುಗುತ್ತಿರುವ ಡಿಸ್ಕ್ ಇದ್ದವರು ಈ ವಾರವೇ ಒಂದು ನಕಲು ತೆಗೆದು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಟಿಕ್ ಟಿಕ್ ಎನ್ನುತ್ತಿರುವ ಡಿಸ್ಕ್ ಇದ್ದವರು ಈಗಲೇ ಅದರ ಕೇಬಲ್ ಕಿತ್ತಿಡಿ.