ಕಾಕು ಮತ್ತು ಅವರ ತುಳಸಿ



ಉತ್ಥಾನ ದ್ವಾದಶಿ ಹತ್ತಿರ ಬಂತು. ಪ್ರತಿ ವರ್ಷ ಈ ಹೊತ್ತಿಗೆ ತುಳಸಿಯ ಹಾಡುಗಳನ್ನು ರಾಗ, ತಾಳ ಸಮೇತ ಕೊಡುವುದು ರೂಢಿ. ಈ ಸಲ ಹಾಡಿಗೆ ಮೊದಲು, ಆ ಹಾಡುಗಳನ್ನು ನಮ್ಮ ಜೊತೆ ಕೂತು ಹೇಳುತ್ತಿದ್ದ ಒಬ್ಬ ಹಿರಿಯರ ಬಗ್ಗೆ ಬರೆಯಬೇಕು ಅನ್ನಿಸಿದೆ. ನಮ್ಮ ಶಿಕಾಗೋ ಭಜನಾ ಬಳಗದಲ್ಲಿ ಎಲ್ಲರಿಗಿಂತ ದೊಡ್ಡವರು, ಧಾರವಾಡದ ಕಡೆಯವರು. ನಾವೆಲ್ಲ ಕಾಕು ಅಂತಲೇ ಕರೆಯುತ್ತಿದ್ದೆವು. ಕಳೆದ ಚೈತ್ರದಲ್ಲಿ, 87ನೆಯ ವಯಸ್ಸಿನಲ್ಲಿ, ಹರಿಪಾದ ಸೇರಿದರು.

ಯಜಮಾನರು ಹೋದ ಮೇಲೆ 16 ವರ್ಷ ಕಾಕು ಒಬ್ಬರೇ ಇದ್ದರು. ಮಗ ಬೇರೆ ರಾಜ್ಯದಲ್ಲಿ. ಕರೆದರೂ ಹೋಗಲಿಲ್ಲ. ಅಡುಗೆ, ಮಡಿ, ಔಷಧಿ, ಬ್ಯಾಂಕಿನ ಕಾಗದ ಎಲ್ಲ ತಾವೇ. ಅದೆಲ್ಲಕ್ಕಿಂತ ಮೇಲೆ ಅವರ ತೋಟ! ಹಿತ್ತಲಲ್ಲಿ ಬಸಳೆ, ಹೀರೆ, ಮೆಂತ್ಯ, ಚೆಂಡುಹೂವು. ಕುಂಡಗಳಲ್ಲಿ ಮಲ್ಲಿಗೆ, ದೊಡ್ಡಪತ್ರೆ, ನಾಲ್ಕು ತುಳಸಿ. ಈ ಊರಲ್ಲಿ ತೋಟ ಅಂದರೆ ವರ್ಷಕ್ಕೆ ಐದು ತಿಂಗಳ ಮಾತು. ಮೇ ಮಧ್ಯದವರೆಗೂ ಹಿಮದ ಭಯ, ಅಕ್ಟೋಬರಿಗೆ ಮತ್ತೆ ಶುರು. ರಾತ್ರಿಯ ತಂಪು 10 ಡಿಗ್ರಿಗಿಂತ ಕೆಳಗಿಳಿದರೆ ತುಳಸಿ ಸೊರಗುತ್ತದೆ. ಸೆಪ್ಟೆಂಬರ್ ಮುಗಿಯುವ ಮೊದಲೇ ಕಾಕು ಕುಂಡಗಳನ್ನು ಚಕ್ರದ ಹಲಗೆಯ ಮೇಲೆ ತಳ್ಳಿಕೊಂಡು ಒಳಗೆ ತಂದು ದಕ್ಷಿಣದ ಕಿಟಕಿಗೆ ಇಡುತ್ತಿದ್ದರು. ಮಂಜರಿ ಬಂದ ಕೂಡಲೇ ಚಿವುಟುತ್ತಿದ್ದರು, ಇಲ್ಲದಿದ್ದರೆ ಗಿಡ ಬೇಗ ಮುಪ್ಪಾಗುತ್ತದೆ ಅಂತ. ಒಂದೇ ಒಂದು ಗಿಡದ್ದು ಬೀಜಕ್ಕೆ ಬಿಡುತ್ತಿದ್ದರು.

ಮೊಲಗಳ ಕಾಟ ಇಲ್ಲಿಯವರಿಗೆಲ್ಲ ಗೊತ್ತು. ಎಲ್ಲರೂ ಬಲೆ ಕಟ್ಟಿದರೆ ಕಾಕು ಬೇಲಿಯ ಪಕ್ಕ ಒಂದು ಸಾಲು ಸೊಪ್ಪು ಹೆಚ್ಚಿಗೆ ಬಿತ್ತುತ್ತಿದ್ದರು. "ಅವಕ್ಕೇನು ಅಂಗಡಿ ಅದಾವೇನವ್ವಾ?" ಅನ್ನುತ್ತಿದ್ದರು. ಪೂಜೆಗೆ ಎಂಟು ಭಾವಪುಷ್ಪಗಳು ಅಂತ ಹಿರಿಯರು ಹೇಳುತ್ತಾರಲ್ಲ, ಅಹಿಂಸೆ, ಇಂದ್ರಿಯನಿಗ್ರಹ, ಭೂತದಯೆ, ಕ್ಷಮೆ, ಜ್ಞಾನ, ತಪಸ್ಸು, ಧ್ಯಾನ, ಸತ್ಯ. ಅದರಲ್ಲಿ ಮೂರನೆಯ ಹೂವು ನಾನು ಕಣ್ಣಾರೆ ನೋಡಿದ್ದು ಆ ಸೊಪ್ಪಿನ ಸಾಲಿನಲ್ಲಿ.

ಅವರ ಬಗ್ಗೆ ಯಾರು ಮಾತಾಡಿದರೂ "ಬಹಳ ಸ್ವತಂತ್ರ ಹೆಂಗಸು" ಅನ್ನುವುದು ಇದ್ದೇ ಇತ್ತು. ಕಾಕುಗೆ ಈ ಹೊಗಳಿಕೆ ಹಿಡಿಸುತ್ತಿರಲಿಲ್ಲ. ಒಮ್ಮೆ ಭಜನೆ ಮುಗಿದು ಪ್ರಸಾದದ ಹೊತ್ತಿಗೆ ಯಾರೋ ಹಾಗಂದಾಗ ಥಟ್ಟನೆ ಹೇಳಿದರು: "ಸ್ವತಂತ್ರ ಅಂದ್ರ ಅವಾ ಒಬ್ಬನ. ನಾ ನೀರು ಹಾಕಾಕಿ."

ನಗುತ್ತ ಹೇಳಿದ ಮಾತು, ಆದರೆ ಅದರೊಳಗೆ ಶಾಸ್ತ್ರವೇ ಇದೆ. ಶ್ರೀಮಧ್ವಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಮೊದಲು ವಿಭಾಗಿಸುವುದೇ ಹೀಗೆ: ಸ್ವತಂತ್ರ, ಅಸ್ವತಂತ್ರ. ಸ್ವತಂತ್ರನು ವಿಷ್ಣು ಒಬ್ಬನೇ. ಲಕ್ಷ್ಮೀದೇವಿಯಿಂದ ಹಿಡಿದು ಹುಲ್ಲಿನವರೆಗೆ ಉಳಿದದ್ದೆಲ್ಲ ಅವನ ಅಧೀನ. ತೋಟ ಮಾಡುವವರಿಗೆ ಇದನ್ನು ಯಾರೂ ವಾದ ಮಾಡಿ ಒಪ್ಪಿಸಬೇಕಿಲ್ಲ. ಮಣ್ಣು ಹದ ಮಾಡುತ್ತೇವೆ, ಬಿತ್ತುತ್ತೇವೆ, ಮೊಳಕೆ ಮಾತ್ರ ನಾವು ಕರೆದಾಗ ಬರುವುದಿಲ್ಲ.

ಹಾಗಂತ ಕೈಕಟ್ಟಿ ಕೂರುವ ಮಾತಲ್ಲ. ಜೀವನಿಗೆ ಅವನು ಕೊಟ್ಟ ಸ್ವಾತಂತ್ರ್ಯ ಇದೆ, ದತ್ತಸ್ವಾತಂತ್ರ್ಯ ಅನ್ನುತ್ತಾರೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಓದುಗರಲ್ಲಿ ಬಹಳ ಮಂದಿಗೆ ದೂರದಲ್ಲಿ ಒಂಟಿಯಾಗಿರುವ ತಂದೆತಾಯಿ ಇದ್ದಾರೆ. "ವಯಸ್ಸಾಯ್ತು, ಇನ್ನು ನಾವು ಹೇಳಿದ ಹಾಗೆ ಇರು" ಅನ್ನುವುದಕ್ಕೆ ಶರಣಾಗತಿಯ ಹಾಡುಗಳನ್ನು ಉದಾಹರಣೆ ಕೊಡಬಾರದು. ದಾಸರು ಶರಣಾದದ್ದು ಹರಿಗೆ, ಮನೆಯವರ ಅನುಕೂಲಕ್ಕಲ್ಲ. ಹೆಳವನಕಟ್ಟೆ ಗಿರಿಯಮ್ಮನವರನ್ನೇ ನೆನೆಯಿರಿ. ಗಂಡನಿಗೆ ತಾವೇ ಮುಂದೆ ನಿಂತು ಇನ್ನೊಂದು ಮದುವೆ ಮಾಡಿಸಿ ರಂಗನ ಸೇವೆಗೆ ನಿಂತರು ಅಂತ ಸಂಪ್ರದಾಯದಲ್ಲಿ ಹೇಳುತ್ತಾರೆ. ಊರವರು ಏನೆಂದಿರಬಹುದು! ಆದರೂ ಇವತ್ತಿಗೂ ಹೆಣ್ಣುಮಕ್ಕಳು ಅವರ ಚಂದ್ರಹಾಸನ ಕಥೆ ಹಾಡುತ್ತಾರೆ.

ಹೋದ ವರ್ಷ ಆಗಸ್ಟಿನಲ್ಲಿ ಕಾಕು ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ವಾಕರ್ ಹಿಡಿದು ಮನೆಗೆ ಬಂದರು. ಮಗ ಸೊಸೆ ಬಂದು ಒಂದು ತಿಂಗಳಿದ್ದರು, ಕರೆದೊಯ್ಯುತ್ತೇವೆ ಅಂದರು. ಈ ಚಳಿಗಾಲ ಇಲ್ಲೇ ಕಳೆಯುತ್ತೇನೆ ಅಂದರು ಕಾಕು. ಆದರೆ ಈ ಸಲ ಕುಂಡ ಒಳಗೆ ತರುವವರು ಯಾರು? ಒಂದು ಕಪ್ ಸಕ್ಕರೆಯನ್ನೂ ಯಾರ ಹತ್ತಿರ ಕೇಳದಿದ್ದವರು, ಒಂದು ಬೆಳಿಗ್ಗೆ ಬಳಗದವರಿಗೆಲ್ಲ ತಾವೇ ಫೋನು ಮಾಡಿದರು. ಬಂದು ಕುಂಡ ಒಳಗಿಡಿ, ವಾರಕ್ಕೆ ಎರಡು ಸಲ ನೀರು ಹಾಕಿ ಅಂತ.

ನನ್ನ ಪಾಳಿ ಗುರುವಾರ. ಕಾಕು ಕುರ್ಚಿಯಲ್ಲಿ ಕೂತು ಎಷ್ಟು ನೀರು, ಯಾವ ಕುಂಡಕ್ಕೆ ಅಂತ ಕೈಸನ್ನೆಯಲ್ಲೇ ಹೇಳುತ್ತಿದ್ದರು. ಅವರಿಗೆ ಕಷ್ಟವಾಗುತ್ತಿರಬಹುದು ಅನ್ನಿಸಿ, "ಇನ್ನೊಬ್ಬರ ಕೈಯಲ್ಲಿ ಮಾಡಿಸ್ಕೊಳ್ಳೋದು ಬೇಜಾರಾ ಕಾಕು?" ಅಂತ ಕೇಳಿದೆ. ತುಳಸಿಯ ಕಡೆ ನೋಡಿ ಹೇಳಿದರು: "ಇಷ್ಟು ವರ್ಷ ಇದು ನನ್ನ ಕೈಲೆ ನೀರು ಕುಡೀತು. ಒಂದು ದಿನರ ನಾಚ್ಕೊಂಡಿತ್ತೇನು?"

ಅಸ್ವತಂತ್ರ ಅನ್ನುವ ಶಬ್ದವನ್ನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇನೆ. ಅದರಲ್ಲಿ ಅವಮಾನ ಏನೂ ಇಲ್ಲ ಅಂತ ತಿಳಿದದ್ದು ಆ ಗುರುವಾರ. ಕೊಡುವಾಗ ಹೆಮ್ಮೆ ಪಟ್ಟವರಿಗೆ ಮಾತ್ರ ತೆಗೆದುಕೊಳ್ಳುವಾಗ ನಾಚಿಕೆ ಬರುತ್ತದೇನೋ. ಕಾಕುಗೆ ಎರಡೂ ಇರಲಿಲ್ಲ.

ಆ ಕಾರ್ತಿಕದಲ್ಲಿ ತುಳಸಿ ಮದುವೆ ಅವರ ಮನೆಯಲ್ಲೇ, ಕಿಟಕಿಯ ಪಕ್ಕ. ನೆಲ್ಲಿ ಕೊಂಬೆ ಸಿಗದೆ ಇಂಡಿಯನ್ ಅಂಗಡಿಯ ಫ್ರೋಜನ್ ನೆಲ್ಲಿಕಾಯಿಯನ್ನೇ ಕುಂಡದಲ್ಲಿಟ್ಟೆವು. ಐದರಲ್ಲಿದ್ದ ಶ್ರುತಿಯನ್ನು ಅವರಿಗೋಸ್ಕರ ನಾಲ್ಕಕ್ಕೆ ಇಳಿಸಿದೆವು. ಎಲ್ಲ ಹಾಡಿಗೂ ದನಿ ಸೇರಿಸಿದರು. ದ್ವಾದಶಿಯಂದು ತುಳಸಿ ಕೊಯ್ಯುವ ಹಾಗಿಲ್ಲವಲ್ಲ, ಬೇಸಿಗೆಯಲ್ಲಿ ಒಣಗಿಸಿಟ್ಟ ಎಲೆಗಳ ಡಬ್ಬಿ ಅವರ ಹತ್ತಿರ ಇತ್ತು. ತುಳಸಿಗೆ ಹಳಸಿದ್ದು ಅನ್ನುವ ದೋಷವಿಲ್ಲ, ಒಣಗಿದ್ದೂ ಅರ್ಚನೆಗೆ ಸಲ್ಲುತ್ತದೆ.

ನಾಲ್ಕು ಕುಂಡಗಳು ಈಗ ನಾಲ್ಕು ಮನೆಯಲ್ಲಿವೆ. ಒಂದು ನಮ್ಮಲ್ಲಿ, ದಕ್ಷಿಣದ ಕಿಟಕಿಯಲ್ಲೇ. ಅವರು ಕಟ್ಟಿಟ್ಟ ಬೀಜದ ಪೊಟ್ಟಣ ಭಜನೆಯ ದಿನ ತರುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಬೀಜ ಸಾಸಿವೆಗಿಂತ ಸಣ್ಣದು. ಆಳಕ್ಕೆ ಹೂಳಬೇಡಿ, ಮಣ್ಣಿನ ಮೇಲೆ ಉದುರಿಸಿ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ನೀರು ಚಿಮುಕಿಸಿ, ಬೆಚ್ಚಗಿರುವ ಕಡೆ ಇಡಿ.

ಶ್ರೀಕೃಷ್ಣಾರ್ಪಣಮಸ್ತು.